ಹಳೇ ಲ್ಯಾಪ್‌ಟಾಪು, ಹೊಸ ಹೊಟ್ಟೆಕಿಚ್ಚು

ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರ ಮೇಜಿನ ಮೇಲೆ ಹೊಸ ವಸ್ತು ಕಂಡರೆ ಸಾಕು, ಪಕ್ಕದ ಮೇಜಿನವರಿಗೆ ಅವತ್ತು ಮಧ್ಯಾಹ್ನದ ಊಟ ಜೀರ್ಣವಾಗುವುದಿಲ್ಲ. ಹಿಂದಿ ಮೇಡಂ ಸ್ಟೀಲ್ ಫ್ಲಾಸ್ಕ್ ತಂದಾಗಲೂ ಹೀಗೇ ಆಗಿತ್ತು, ಪಿ.ಟಿ. ಮೇಷ್ಟ್ರು ಬಿಳಿ ಶೂ ಹಾಕಿಕೊಂಡು ಬಂದಾಗಲೂ ಹೀಗೇ. ಆಗೆಲ್ಲ ನಾನು ದೂರದಲ್ಲಿ ಕೂತು ನಕ್ಕವನು. ಈ ಸಲ ಪಕ್ಕದ ಮೇಜು ನನ್ನದೇ ಆಗಿತ್ತು.

ನಿಂಬೆಹಣ್ಣು

ನಾನು ವಿಜಯನಗರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನ್ನ ಪಕ್ಕದ ಮೇಜು ಸಮಾಜ ವಿಜ್ಞಾನದ ಮೇಷ್ಟ್ರದು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಸಂಬಳವೂ ಹೆಚ್ಚುಕಮ್ಮಿ ಒಂದೇ. ಅದಕ್ಕೇ ಇರಬೇಕು, ಅವರ ಶರ್ಟಿಗೆ ಒಂದು ಗುಂಡಿ ಹೊಸದಾಗಿ ಬಂದರೂ ನನಗೆ ಗೊತ್ತಾಗುತ್ತದೆ.

ಒಂದು ಸೋಮವಾರ ಅವರು ಲ್ಯಾಪ್‌ಟಾಪ್ ತಂದರು. ಮುಚ್ಚಳಕ್ಕೆ ಕುಂಕುಮ, ಮೇಲೊಂದು ಚೆಂಡುಹೂವು. ಎಲ್ಲರಿಗೂ ಮೈಸೂರ್‌ಪಾಕ್ ಹಂಚಿದರು. ನಾನು ಒಂದು ತುಂಡು ಬಾಯಿಗೆ ಹಾಕಿಕೊಳ್ಳುವಾಗ, ಹೇಗಿದೆ ಮೇಷ್ಟ್ರೇ ಅಂತ ಕೇಳಿದರು. ತುಪ್ಪ ಇನ್ನೊಂದಿಷ್ಟು ಬೀಳಬೇಕಿತ್ತು ಅಂದೆ. ಅವರು ಕೇಳಿದ್ದು ಲ್ಯಾಪ್‌ಟಾಪಿನ ವಿಷಯ. ಅದು ನನಗೂ ಗೊತ್ತಿತ್ತು.

ಆಮೇಲೆ ಅವರು ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದರು. ದೃಷ್ಟಿ ಆಗಬಾರದು ಅಂತ ಮನೆಯವರು ಕೊಟ್ಟು ಕಳಿಸಿದ್ದಂತೆ. ಮೇಜಿನ ನಾಲ್ಕು ಮೂಲೆಯನ್ನೂ ಒಂದು ಸಲ ನೋಡಿದರು. ಬಾಗಿಲ ಕಡೆ ಇಡಲಿಲ್ಲ, ಕಿಟಕಿ ಕಡೆ ಇಡಲಿಲ್ಲ. ನೇರವಾಗಿ ತಂದು ನನ್ನ ಕಡೆಗೆ ಇಟ್ಟರು.

ಯಾವ ಮಾಡೆಲ್

ಅದೇ ವಾರ ಹೆಡ್ ಮೇಡಂ ಮೀಟಿಂಗ್ ಕರೆದು, ಇನ್ನು ಮೇಲೆ ಹತ್ತನೇ ಕ್ಲಾಸಿಗೆ ಪಾಠ ಮಾಡುವವರು ಪರದೆಯ ಮೇಲೆ ಚಿತ್ರ ತೋರಿಸಿ ಮಾಡಬೇಕು, ಆಗದಿದ್ದವರು ಹೇಳಿ, ಹೊಸದಾಗಿ ಸೇರಿರುವ ಹುಡುಗಿಗೆ ಆ ಕ್ಲಾಸ್ ಕೊಡುತ್ತೇನೆ ಅಂದರು. ಹತ್ತನೇ ಕ್ಲಾಸಿನ ಗಣಿತ ಅಂದರೆ ನನ್ನ ಸೊತ್ತು ಅಂತಲೇ ಇಷ್ಟು ವರ್ಷ ತಿಳಿದುಕೊಂಡಿದ್ದೆ. ಸಮಾಜ ಮೇಷ್ಟ್ರು ತಮ್ಮ ಲ್ಯಾಪ್‌ಟಾಪಿನ ಮೇಲೆ ಕೈಯಾಡಿಸಿದರು, ನಾಯಿಮರಿಯ ಬೆನ್ನು ಸವರಿದ ಹಾಗೆ. ನನ್ನ ಕೈಗೆ ಸವರಲು ಸಿಕ್ಕಿದ್ದು ಸೀಮೆಸುಣ್ಣದ ಡಬ್ಬಿ.

ಮನೆಗೆ ಬಂದು ಹೆಂಡತಿಗೆ ಹೇಳಿದೆ, ಒಂದು ಲ್ಯಾಪ್‌ಟಾಪ್ ತಗೋಬೇಕು ಕಣೇ ಅಂತ. ಅವಳು ಹುರಳಿಕಾಯಿ ಬಿಡಿಸುತ್ತಾ, ಕೆಲಸಕ್ಕೆ ಬೇಕೋ, ಪಕ್ಕದವರ ಹತ್ತಿರ ಇದೆ ಅಂತ ಬೇಕೋ ಅಂತ ಕೇಳಿದಳು. ಎರಡಕ್ಕೂ ಒಂದೇ ಲ್ಯಾಪ್‌ಟಾಪ್ ಸಾಕು ಅಂದೆ. ಮಗಳ ಕಾಲೇಜ್ ಫೀಸ್ ಕಟ್ಟಿದ ಮೇಲೆ ಹೊಸದಕ್ಕೆ ಎಲ್ಲಿಂದ ತರುತ್ತೀರಿ, ಹಳೇದು ನೋಡಿ ಅಂದಳು. ನನಗೆ ಅವಮಾನ ಆಯಿತು. ಅವರು ಹೊಸದು ಇಟ್ಟುಕೊಂಡು ಕೂತಿರುವಾಗ ನಾನು ಯಾರೋ ಬಳಸಿ ಬಿಟ್ಟಿದ್ದನ್ನು ಹಿಡಿದುಕೊಂಡು ಹೋಗಲೇ, ಅದು ಯಾವ ಮಾಡೆಲ್ಲೋ ಏನೋ ಅಂತ ಸ್ವಲ್ಪ ಜೋರಾಗಿಯೇ ಹೇಳಿದೆ.

ಅವಳು ಕಾಯಿಯಿಂದ ತಲೆ ಎತ್ತಲಿಲ್ಲ. "ನೀವು ನನ್ನ ನೋಡಕ್ಕೆ ಬಂದಾಗ ನಿಮಗೆ ಆಗಲೇ ಮೂವತ್ತಾರು. ನಾನೇನಾದ್ರೂ ಮಾಡೆಲ್ ಕೇಳಿದ್ನಾ?"

ಭಾಮೈದನ ಬುದ್ಧಿವಾದ

ಅವಳ ತಮ್ಮ ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟಿನಲ್ಲಿದ್ದಾನೆ, ಕಂಪ್ಯೂಟರಿನದೇ ಕೆಲಸ. ಕೊಳ್ಳುವ ಮೊದಲು ಅವನನ್ನು ಒಂದು ಮಾತು ಕೇಳೋಣ ಅಂತ ಭಾನುವಾರ ಹೋದೆ. ಹೋಗಬಾರದಿತ್ತು. ಅವನ ಮನೆಯಲ್ಲಿ ಮನುಷ್ಯರು ಮೂರು, ಲ್ಯಾಪ್‌ಟಾಪ್ ನಾಲ್ಕು. ಅದರಲ್ಲೊಂದರ ಮೇಲೆ ಅವನ ಮಗ ತಟ್ಟೆ ಇಟ್ಟುಕೊಂಡು ದೋಸೆ ತಿನ್ನುತ್ತಿದ್ದ. ನಾನು ಇಡೀ ವಾರ ಯಾವುದಕ್ಕೋಸ್ಕರ ನಿದ್ದೆಗೆಟ್ಟಿದ್ದೆನೋ ಅದು ಆ ಮನೆಯಲ್ಲಿ ಮಣೆಯಾಗಿತ್ತು.

ಹಳೇದು ತಗೋತೀನಿ ಅಂದಿದ್ದೇ ತಡ, ಅವನು ಶುರು ಮಾಡಿದ. ಹಳೇದನ್ನ ನಂಬಲೇಬಾರದಂತೆ. ಹೊರಗೆ ಹೊಳೆಯುತ್ತಂತೆ, ಒಳಗೆ ಏನು ಬದಲಾಯಿಸಿರುತ್ತಾರೋ ದೇವರಿಗೇ ಗೊತ್ತಂತೆ. ಇವತ್ತು ಓಡಿದ್ದು ನಾಳೆ ನಿಲ್ಲುತ್ತಂತೆ, ರಿಪೇರಿಗೆ ಕೊಟ್ಟರೆ ಸಾಮಾನೇ ಸಿಗಲ್ಲವಂತೆ. ಅವನ ಹೆಂಡತಿ ಕಾಫಿ ತಂದಳು, ಕುಡಿದೆ. ಇನ್ನೂ ಹೇಳುತ್ತಲೇ ಇದ್ದ. ಮಾರುವವರು ಎಲ್ಲರೂ ಮೋಸಗಾರರೇ, ಅದರಲ್ಲೂ ಗುರುತಿನವರು ಅಂತ ಹೋದರೆ ಮುಗಿದೇ ಹೋಯಿತು ಅಂದ. ನನಗೆ ಹೆದರಿಕೆ ಹುಟ್ಟಿತು. ಆಗಲಪ್ಪ, ಬೇಡ ಬಿಡು, ಬ್ಯಾಂಕಿನಲ್ಲಿ ಸಾಲ ಮಾಡಿ ಹೊಸದೇ ತಗೋತೀನಿ ಅಂತ ಚಪ್ಪಲಿ ಹಾಕಿಕೊಂಡೆ.

ಬಾಗಿಲ ತನಕ ಬಂದವನು ದನಿ ತಗ್ಗಿಸಿದ. "ಸಾಲ ಯಾಕೆ ಭಾವ. ನಂದೇ ಒಂದು ಹಳೇದಿದೆ. ನೀವು ಅಂತ ಕೊಡ್ತೀನಿ."

ಯಾವುದು ಅಂತ ತಿರುಗಿ ನೋಡಿದೆ. ಅವನ ಮಗ ತಟ್ಟೆ ಎತ್ತಿ, ಚಟ್ನಿಯನ್ನು ಅಂಗಿಯ ತೋಳಿನಿಂದ ಒರೆಸುತ್ತಿದ್ದ.

ಆಡಿಟರ್ ಮನೆಯದು

ರಾಜಾಜಿನಗರದಲ್ಲಿ ಹಳೇ ಲ್ಯಾಪ್‌ಟಾಪ್ ಮಾರುವ ಒಂದು ಸಣ್ಣ ಅಂಗಡಿ ಇದೆ. ಶಾಲೆ ಬಿಟ್ಟ ಮೇಲೆ ಒಬ್ಬನೇ ಹೋದೆ. ಅಂಗಡಿಯವರು ಮಾತಿನಲ್ಲಿ ಮದುವೆ ದಲ್ಲಾಳಿಯನ್ನೂ ಮೀರಿಸುವಂಥವರು. ಒಂದೊಂದು ಲ್ಯಾಪ್‌ಟಾಪ್ ತೆಗೆದು ಇಡುವಾಗಲೂ ಮೊದಲು ಅದರ ಮನೆತನ ಹೇಳುತ್ತಿದ್ದರು. ಇದು ಡಾಕ್ಟರಮ್ಮನ ಮನೆಯದು ಸಾರ್, ಅದು ಪ್ರೊಫೆಸರ್ ಮನೆಯದು.

ಒಂದು ಕಪ್ಪನೆಯದು ನನಗೆ ಹಿಡಿಸಿತು. ಆಡಿಟರ್ ಒಬ್ಬರದಂತೆ. ತುಂಬಾ ನಾಜೂಕಿನ ಮನುಷ್ಯ, ವರ್ಷಕ್ಕೊಂದು ಸಲ ಲೆಕ್ಕಪತ್ರದ ಕಾಲದಲ್ಲಿ ತೆಗೆದು ಮತ್ತೆ ಬಟ್ಟೆ ಸುತ್ತಿ ಇಡುತ್ತಿದ್ದರಂತೆ. ಬ್ಯಾಟರಿ ಹೇಗಿದೆ ಅಂದೆ. ಬ್ಯಾಟರಿ ಫಸ್ಟ್ ಕ್ಲಾಸ್ ಸಾರ್, ಚಾರ್ಜರ್ ಮಾತ್ರ ತೆಗೀಬೇಡಿ ಅಂದರು.

ಕೀಲಿಗಳನ್ನು ನೋಡಿದೆ. ಎಲ್ಲಾ ಅಕ್ಷರಗಳೂ ಚೆನ್ನಾಗಿದ್ದವು, ಎಡಗಡೆ ನಾಲ್ಕು ಮಾತ್ರ ಸವೆದು ಬೋಳಾಗಿದ್ದವು. ಆ ನಾಲ್ಕನ್ನು ಒತ್ತುತ್ತಾ ಕೂತರೆ ಆಟದಲ್ಲಿ ಗನ್ ಹಿಡಿದವನು ಮುಂದೆ ಹಿಂದೆ ಓಡಾಡುತ್ತಾನೆ ಅಂತ ಒಂಬತ್ತನೇ ಕ್ಲಾಸಿನ ಹುಡುಗರನ್ನು ಗದರಿಸಿ ಗದರಿಸಿ ನನಗೆ ಗೊತ್ತಾಗಿತ್ತು. ಇದನ್ನು ಹೇಳಿ, ವರ್ಷಕ್ಕೊಂದು ಸಲ ತೆಗೆಯುತ್ತಿದ್ದ ಆಡಿಟರ್ ಇಷ್ಟು ಜನರನ್ನು ಕೊಂದರೇ ಅಂತ ಕೇಳಿದೆ.

ಅಂಗಡಿಯವರು ಒಂದು ಗಳಿಗೆ ಆ ಕೀಲಿಗಳನ್ನೇ ನೋಡಿದರು. "ಲೆಕ್ಕ ಟ್ಯಾಲಿ ಆಗ್ದೆ ಇದ್ರೆ ಮನುಷ್ಯನಿಗೆ ಸಿಟ್ಟು ಬರಲ್ವಾ ಸಾರ್?"

ಜೊತೆಗೆ ಬಂದವರು

ನಾನು ಹಳೇ ಲ್ಯಾಪ್‌ಟಾಪ್ ಹುಡುಕುತ್ತಿದ್ದೇನೆ ಅನ್ನುವುದು ಹೇಗೋ ಸ್ಟಾಫ್ ರೂಮಿಗೆ ಗೊತ್ತಾಗಿಬಿಟ್ಟಿತು. ಸಮಾಜ ಮೇಷ್ಟ್ರು ಬಹಳ ಮರುಕದಿಂದ, ಒಬ್ಬರೇ ಹೋಗಬೇಡಿ ಮೇಷ್ಟ್ರೇ, ನಿಮಗೆ ಟೋಪಿ ಹಾಕಿಬಿಡುತ್ತಾರೆ, ನಾನೂ ಬರ್ತೀನಿ ಅಂದರು. ಆ ಮರುಕ ನನ್ನ ಹೊಟ್ಟೆಗೆ ಕೆಂಡ ಸುರಿದ ಹಾಗಾಯಿತು. ಆದರೂ ಲ್ಯಾಪ್‌ಟಾಪ್ ತಿಳಿದವರು ಜೊತೆಗಿದ್ದರೆ ಒಳ್ಳೆಯದೇ ಅಂತ ಒಪ್ಪಿಕೊಂಡೆ. ಶನಿವಾರ ಅವರ ಸ್ಕೂಟರಿನಲ್ಲೇ ಹೊರಟೆವು. ಸಿಗ್ನಲ್ ಸಿಕ್ಕಾಗಲೆಲ್ಲ ಅವರು ಹೊಸದರ ಸುಖ ವರ್ಣಿಸುತ್ತಿದ್ದರು. ನಾನು ಹಿಂದೆ ಕೂತು ಎಡಕ್ಕೆ, ಬಲಕ್ಕೆ ಅಂತ ದಾರಿ ಹೇಳುತ್ತಿದ್ದೆ.

ಅದೇ ರಾಜಾಜಿನಗರದ ಅಂಗಡಿಯ ಮುಂದೆ ನಿಲ್ಲಿಸಿ ಅಂದಾಗ ಅವರ ಮಾತು ನಿಂತುಹೋಯಿತು. ನೀವು ಒಳಗೆ ಹೋಗಿರಿ, ನಾನು ಗಾಡಿ ಹತ್ತಿರ ಇರ್ತೀನಿ, ಇಲ್ಲಿ ಟೋಯಿಂಗ್‌ನವರು ಬರ್ತಾರೆ ಅಂದರು. ಹೆಲ್ಮೆಟ್ಟನ್ನೂ ತೆಗೆಯಲಿಲ್ಲ. ಅಷ್ಟರಲ್ಲಿ ಅಂಗಡಿಯವರು ಒಳಗಿನಿಂದಲೇ ಸ್ಕೂಟರಿನ ಗುರುತು ಹಿಡಿದು ಕೂಗಿದರು. "ಏನ್ ಮೇಷ್ಟ್ರೇ, ಆ ಹಳೇ ಪೀಸ್ ಮತ್ತೆ ಕೈ ಕೊಡ್ತಾ?"

ನಾನು ಸಮಾಜ ಮೇಷ್ಟ್ರ ಮುಖ ನೋಡಿದೆ. ಹೆಲ್ಮೆಟ್ಟಿನ ಗಾಜು ಮೆಲ್ಲಗೆ ಕೆಳಗಿಳಿಯಿತು. ಆಮೇಲೆ ಅವರೇ ಗಾಜು ಎತ್ತಿ, ನಾನು ಹೊಸದು ಅಂತ ಎಲ್ಲಿ ಹೇಳಿದೆ, ಎಲ್ಲರೂ ಮೈಸೂರ್‌ಪಾಕ್ ನೋಡಿ ನೀವೇ ಅಂದುಕೊಂಡಿರಿ ಅಂದರು. ಸಿಗ್ನಲ್‌ನಲ್ಲಿ ಹೊಸದರ ಸುಖ ಹೇಳಿದಿರಲ್ಲ ಅಂತ ನೆನಪಿಸಿದೆ. ಅದು ನನಗೆ ಹೊಸದೇ ತಾನೇ ಅಂದರು.

ನನಗಾದ ಸಂತೋಷ ಹೇಳತೀರದು. ಇಷ್ಟು ದಿನ ಉಂಡದ್ದೆಲ್ಲ ಒಟ್ಟಿಗೆ ಜೀರ್ಣವಾದ ಹಾಗನ್ನಿಸಿತು. ಆ ಖುಷಿಯಲ್ಲೇ, ಅವರಿಗೆ ಅದನ್ನು ಎಷ್ಟಕ್ಕೆ ಕೊಟ್ಟಿರಿ ಅಂತ ಅಂಗಡಿಯವರನ್ನು ಕೇಳಿದೆ. ಅವರು ಹೇಳಿದರು. ಅದು ನಾನು ಕೊಡಲು ತಂದಿದ್ದಕ್ಕಿಂತ ಎಷ್ಟೋ ಕಡಿಮೆ. ಅಲ್ಲಿಯ ತನಕ ಇದ್ದದ್ದು ಹೊಸದು ಕೊಂಡರಲ್ಲಾ ಅನ್ನುವ ಹೊಟ್ಟೆಕಿಚ್ಚು. ಅದು ಆರಿ, ಅದೇ ಜಾಗದಲ್ಲಿ ಇಷ್ಟು ಅಗ್ಗಕ್ಕೆ ಹೊಡೆದರಲ್ಲಾ ಅನ್ನುವುದು ಹೊತ್ತಿಕೊಂಡಿತು. ಹೊಸದರ ಕಿಚ್ಚೇ ವಾಸಿಯಿತ್ತು, ಇಷ್ಟು ಉರಿಯುತ್ತಿರಲಿಲ್ಲ.

ಜಡ್ಜ್ ಸಾಹೇಬರು

ಕೊನೆಗೆ ಅವತ್ತೇ ಒಂದು ಕೊಂಡೆ. ನಾನು ಗುಟ್ಟು ಬಿಟ್ಟುಕೊಡಲಾರೆ ಎಂಬ ಆಸೆಯಿಂದ ಸಮಾಜ ಮೇಷ್ಟ್ರು ಚೌಕಾಸಿಗೆ ನಿಂತು ಬೆಲೆ ಇಳಿಸಿಕೊಟ್ಟರು. ಅದು ರಿಟೈರ್ಡ್ ಜಡ್ಜ್ ಒಬ್ಬರದು, ಬಹಳ ಗಂಭೀರ ಮನುಷ್ಯ ಅಂತ ಅಂಗಡಿಯವರು ಹೇಳಿದರು. ನನ್ನ ಪಾಠದ ಚಿತ್ರಗಳನ್ನೂ ಅವರೇ ಹಾಕಿಕೊಟ್ಟು, ಆಫ್ ಮಾಡಬೇಡಿ ಸಾರ್, ಕೆಲಸ ಆದ ಮೇಲೆ ಸುಮ್ಮನೆ ಮುಚ್ಚಿಡಿ, ತೆಗೆದರೆ ಇದ್ದಲ್ಲಿಂದಲೇ ಶುರುವಾಗುತ್ತೆ ಅಂದರು. ನಾನು ಅಕ್ಷರಶಃ ಹಾಗೇ ಮಾಡಿದೆ.

ಸೋಮವಾರ ಹತ್ತನೇ ಕ್ಲಾಸಿನಲ್ಲಿ ವೃತ್ತದ ಪಾಠ. ಹೆಡ್ ಮೇಡಂ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಹೊಸ ಟೀಚರ್ ಹುಡುಗಿಯನ್ನೂ ಕರೆದುಕೊಂಡು ಬಂದಿದ್ದರು. ಆದರೂ ಪಾಠ ಚೆನ್ನಾಗಿಯೇ ಹೋಗುತ್ತಿತ್ತು. ಗೋಡೆಯ ಮೇಲೆ ವೃತ್ತ ಮೂಡಿತು, ಸ್ಪರ್ಶಕ ಬಂದು ಅದನ್ನು ಮುಟ್ಟಿತು, ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಪ್ರೊಜೆಕ್ಟರ್ ಆರಿತು. ಮುಚ್ಚಿಟ್ಟಾಗ ಹೇಗೋ ಜೀವ ಹಿಡಿದುಕೊಂಡಿದ್ದ ಬ್ಯಾಟರಿ ಓಡುವಾಗ ಕೈ ಕೊಟ್ಟು, ಚಾರ್ಜರ್ ನಂಬಿಕೊಂಡಿದ್ದ ಲ್ಯಾಪ್‌ಟಾಪೂ ಅದರ ಜೊತೆಗೇ ಕಣ್ಣು ಮುಚ್ಚಿತು.

ಕರೆಂಟ್ ಬಂದಾಗ ಮತ್ತೆ ಆನ್ ಮಾಡಿದೆ. ಗೋಡೆ ತುಂಬ ಗುಲಾಬಿ ಬಣ್ಣ ಹರಡಿತು. ಅದರ ನಡುವೆ ಕೊರಳಿಗೆ ರಿಬ್ಬನ್ ಕಟ್ಟಿದ ಒಂದು ಬೆಕ್ಕಿನ ಮರಿ. ಅದರ ಕೆಳಗೆ ನನ್ನಷ್ಟೇ ಎತ್ತರದ ಅಕ್ಷರಗಳಲ್ಲಿ: ವೆಲ್‌ಕಮ್ ಪಿಂಕಿ.

ಹೆಡ್ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮುಂದುವರಿಸಿ ಸಾರ್ ಅಂತ ಕೈ ಸನ್ನೆ ಮಾಡಿದರು. ಪೀರಿಯಡ್ ಮುಗಿದಿದ್ದೇ ಅಂಗಡಿಯವರಿಗೆ ಫೋನ್ ಮಾಡಿ, ನಿಮ್ಮ ಜಡ್ಜ್ ಸಾಹೇಬರ ಹೆಸರು ಪಿಂಕಿನಾ ಅಂತ ಕೇಳಿದೆ.

"ಕೋರ್ಟಲ್ಲಿ ಹಂಗೆ ಕರೀತಿರ್ಲಿಲ್ಲ ಸಾರ್," ಅಂದರು. "ಮನೇಲಿ ಕರೀತಿದ್ರೇನೋ."

ಪಿಂಕಿ ಸಾರ್

ಮಧ್ಯಾಹ್ನದ ಊಟದ ಹೊತ್ತಿಗೆ ನಾನು ಇಡೀ ಶಾಲೆಗೆ ಪಿಂಕಿ ಸಾರ್ ಆಗಿದ್ದೆ. ಮೊದಲೆರಡು ದಿನ ಕೆಲಸ ಬಿಟ್ಟು ಕೆಂಗೇರಿ ಕಡೆ ಎಲ್ಲಾದರೂ ಬೇರೆ ಶಾಲೆ ನೋಡೋಣ ಅನ್ನಿಸಿತು. ಆಮೇಲೆ ಗಮನಿಸಿದೆ, ಬೆಲ್ ಹೊಡೆಯುವ ಮೊದಲೇ ಮಕ್ಕಳು ಕ್ಲಾಸಿಗೆ ಬಂದು ಕೂರುತ್ತಿದ್ದರು. ಆನ್ ಮಾಡುವಾಗ ಎಲ್ಲರೂ ಒಟ್ಟಿಗೆ ವೆಲ್‌ಕಮ್ ಪಿಂಕಿ ಅಂತ ಓದುವುದು, ನಗುವುದು, ಆ ನಗುವಿನ ಬಿಸಿ ಆರುವ ಮೊದಲೇ ನಾನು ಒಂದು ಪ್ರಮೇಯ ಮುಗಿಸುವುದು. ಟೆಸ್ಟಿನಲ್ಲಿ ಅಂಕಗಳೂ ಏರಿದವು. ಹತ್ತನೇ ಕ್ಲಾಸ್ ನಿಮ್ಮಲ್ಲೇ ಇರಲಿ, ಆ ಬೆಕ್ಕೂ ಇರಲಿ ಅಂತ ಹೆಡ್ ಮೇಡಂ ಹೇಳಿದರು. ಹೆಸರು ತೆಗೆಸುವ ಯೋಚನೆ ಬಿಟ್ಟೆ.

ಇದೆಲ್ಲ ಪಕ್ಕದ ಮೇಜಿಗೆ ಕಾಣುತ್ತಿತ್ತು. ಸಮಾಜ ಮೇಷ್ಟ್ರ ಕ್ಲಾಸಿಗೆ ಯಾರೂ ಓಡಿ ಬರುತ್ತಿರಲಿಲ್ಲ. ಅವರು ನನ್ನ ಜೊತೆ ಮಾತು ಕಡಿಮೆ ಮಾಡಿದರು. ಮಕ್ಕಳು ಬಾಗಿಲಲ್ಲಿ ಇಣುಕಿ, ಪಿಂಕಿ ಸಾರ್ ಇದ್ದಾರಾ ಅಂತ ಕೇಳಿದರೆ, ನಾನು ಎದುರಿಗೇ ಇದ್ದರೂ ಇಲ್ಲ ಅಂದುಬಿಡುತ್ತಿದ್ದರು. ಅದನ್ನು ನೋಡುವ ಸುಖಕ್ಕೆ ನಾನು ಬೇಗ ಊಟ ಮುಗಿಸಿ ಸ್ಟಾಫ್ ರೂಮಿನಲ್ಲೇ ಕೂರುತ್ತಿದ್ದೆ.

ಒಂದು ದಿನ ಬೆಳಿಗ್ಗೆ ನಾನು ಒಂಬತ್ತನೇ ಕ್ಲಾಸಿನಲ್ಲಿ ಲೆಕ್ಕ ಮಾಡಿಸುತ್ತಿದ್ದೆ. ಪಕ್ಕದಲ್ಲೇ ಹತ್ತನೇ ಕ್ಲಾಸು, ನಡುವೆ ಇರುವುದು ಬರೀ ಒಂದು ಪ್ಲೈವುಡ್ ಗೋಡೆ. ಅಲ್ಲಿ ಸಮಾಜ ವಿಜ್ಞಾನ ನಡೆಯಬೇಕಿತ್ತು. ಲ್ಯಾಪ್‌ಟಾಪ್ ಆನ್ ಆದ ಸಂಗೀತ ಕೇಳಿಸಿತು. ಆಮೇಲೆ ಇಡೀ ಕ್ಲಾಸು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿತು, ವೆಲ್‌ಕಮ್ ಸ್ವೀಟಿ.

ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಬಹಳ ವಿನಯದಿಂದ ಕೇಳಿದ್ದು ನಮ್ಮ ಗೋಡೆಯ ಈಚೆಗೂ ಸ್ಪಷ್ಟವಾಗಿ ಕೇಳಿಸಿತು:

"ಸಾರ್, ಇದು ಪಿಂಕಿ ಸಾರ್‌ದು ನೋಡಿ ಕಾಪಿ ಹೊಡೆದಿದ್ದಾ?"