ಕೀಬೋರ್ಡಿಗೊಂದು ಕಾಲು

ಗಂಡ ನಿವೃತ್ತನಾಗಿ ಮನೆಯಲ್ಲಿದ್ದರೆ ಹೆಂಡತಿಗೆ ಒಳ್ಳೆಯ ಜೊತೆ ಎಂದು ಹೇಳುವವರೆಲ್ಲ ಇನ್ನೂ ಕೆಲಸಕ್ಕೆ ಹೋಗುವ ಗಂಡಂದಿರ ಹೆಂಡತಿಯರು. ನಮ್ಮೆಜಮಾನರು ಬಸ್ ಕಂಡಕ್ಟರ್ ಆಗಿದ್ದವರು. ಡ್ಯೂಟಿ ಮುಗಿದ ಮರುದಿನವೇ ನನ್ನ ಅಡುಗೆಮನೆಯನ್ನು ತಮ್ಮ ರೂಟಿಗೆ ಸೇರಿಸಿಕೊಂಡರು. ಶೆಲ್ಫಿನಲ್ಲಿ ಇನ್ನೂ ಜಾಗವಿದೆಯೆಂದು ಡಬ್ಬಗಳನ್ನೆಲ್ಲ ಹಿಂದಕ್ಕೆ ತಳ್ಳಿ ಒಂದರ ಮೈಗೆ ಒಂದನ್ನು ಒತ್ತಿ ನಿಲ್ಲಿಸಿದರು. ಹಾಲು ಉಕ್ಕುವ ಮೊದಲೇ ಉಕ್ಕಿತು ಎನ್ನುವುದು, ತರಕಾರಿ ಹೋಳು ದಪ್ಪಗಾಯಿತು ಎನ್ನುವುದು, ಮುಚ್ಚಳ ತೆಗೆದು ನೋಡಿ ನಿಟ್ಟುಸಿರು ಬಿಡುವುದು. (ಒಂದು ಲೋಟವನ್ನಾದರೂ ತೊಳೆದುಕೊಡುತ್ತಾರೆಯೇ ಎಂದು ಕೇಳಬೇಡಿ. ಕಂಡಕ್ಟರ್ ಎಲ್ಲಾದರೂ ಸ್ಟೇರಿಂಗ್ ಹಿಡಿಯುತ್ತಾರೆಯೇ?)

ಹೀಗಿರುವಾಗ ಮಗಳು ತನ್ನ ಹಳೆಯ ಕೀಬೋರ್ಡನ್ನು ತಂದು, ಸುಮ್ಮನೆ ಕೂತಿರುವ ಬದಲು ಸಂಗೀತ ಕಲಿಯಿರಿ ಎಂದು ಅಪ್ಪನ ಕೈಗೆ ಕೊಟ್ಟು ಹೋದಳು. ಅವರು ಸುಮ್ಮನೆ ಕೂತದ್ದನ್ನು ಅವಳು ಯಾವಾಗ ಕಂಡಳೋ ದೇವರೇ ಬಲ್ಲ. ಪೇಪರ್ ಓದುವುದೂ ನಿಂತೇ, ಚಹಾ ಕುಡಿಯುವುದೂ ನಿಂತೇ. ಇರಲಿ, ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಪಕ್ಕದ ಬೀದಿಯ ಸಂಗೀತದ ಟೀಚರ್ ಹತ್ತಿರ ನಾನೇ ಕರೆದುಕೊಂಡು ಹೋಗಿ ಸೇರಿಸಿದೆ. ಅಂದಿನಿಂದ ಅವರು ಹಜಾರದಲ್ಲಿ, ನಾನು ನನ್ನ ಸಾಮ್ರಾಜ್ಯದಲ್ಲಿ. ಇಡೀ ಬೆಳಿಗ್ಗೆ ಒಬ್ಬರೂ ನನ್ನ ಪಾತ್ರೆಯ ಮುಚ್ಚಳ ತೆಗೆಯುತ್ತಿರಲಿಲ್ಲ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮಗಳು ಕೀಬೋರ್ಡ್ ಕೊಟ್ಟಳು, ಅದರ ಸ್ಟ್ಯಾಂಡ್ ಮುರಿದುಹೋಗಿದೆ ಎನ್ನುವುದನ್ನು ಆಮೇಲೆ ಫೋನಿನಲ್ಲಿ ಹೇಳಿದಳು. ಊಟದ ಮೇಜಿನ ಮೇಲಿಟ್ಟರೆ ಇವರ ಭುಜ ಕಿವಿಗೆ ತಾಗುತ್ತಿತ್ತು. ಟೀಪಾಯಿಯ ಮೇಲಿಟ್ಟರೆ ಕೆಳಗೆ ಬಿದ್ದ ಸೂಜಿ ಹುಡುಕುವವರ ಹಾಗೆ ಬಗ್ಗಬೇಕಾಗಿತ್ತು. ಇಸ್ತ್ರಿ ಮೇಜು ಎತ್ತರಕ್ಕೇನೋ ಸರಿಹೋಯಿತು, ಆದರೆ ಇವರು ಸ್ವಲ್ಪ ಭಾವಪರವಶರಾದ ಕೂಡಲೇ ಮಡಚಿಕೊಂಡು ಕೂತುಬಿಟ್ಟಿತು. ಕೀಬೋರ್ಡ್ ಉಳಿದದ್ದು ಇವರ ಮೊಣಕಾಲು ಅಡ್ಡ ಇದ್ದುದರಿಂದ.

ಒಂದು ದಿನ ಕ್ಲಾಸಿನಿಂದ ಬೇಗ ಬಂದರು. ಕೀಬೋರ್ಡನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ಸೀದಾ ಅಡುಗೆಮನೆಗೆ ಬಂದು ಮುಚ್ಚಳ ತೆಗೆದರು.

"ಏನಿದು, ಇಷ್ಟೊಂದು ನೀರು?"

"ಪಾಠ ಏನಾಯ್ತು ರೀ?"

"ಟೀಚರ್ ಬೇಡ ಅಂದ್ರು. ಭುಜ ಹೀಗೆ ಏರಿಸ್ಕೊಂಡು ನುಡಿಸಿದ್ರೆ ಕೈ ಹಾಳಾಗತ್ತಂತೆ. ಮೊದ್ಲು ಮನೇಲಿ ಕೀಬೋರ್ಡಿನ ಎತ್ತರ ಸರಿಮಾಡ್ಕೊಳ್ಳಿ, ಆಮೇಲೆ ಬನ್ನಿ ಅಂದ್ರು. ಬಿಡು, ಈ ವಯಸ್ಸಲ್ಲಿ ನನಗ್ಯಾಕೆ. ಇಲ್ಲೇ ನಿನಗೆ ಸಹಾಯ ಮಾಡ್ತೀನಿ."

ಆ ಕೊನೆಯ ಮಾತಿಗೆ ನನ್ನ ಎದೆ ಧಸಕ್ಕೆಂದಿತು. ಮುಖವನ್ನು ಚಿಕ್ಕದು ಮಾಡಿಕೊಂಡು ನಿಂತಿದ್ದ ಅವರನ್ನು ಕಂಡು ಪಾಪ ಅನ್ನಿಸಿದ್ದೂ ನಿಜ. ಎರಡೂ ಸೇರಿದ್ದಕ್ಕೆ ಅವತ್ತೇ ಸಂಜೆ ಅವರನ್ನು ವಾದ್ಯದ ಅಂಗಡಿಗೆ ಎಳೆದುಕೊಂಡು ಹೋದೆ.

ಅಂಗಡಿಯವನು ಕತ್ತರಿಯಂತೆ ತೆರೆದುಕೊಳ್ಳುವ ಕಬ್ಬಿಣದ ಸ್ಟ್ಯಾಂಡ್ ತೋರಿಸಿದ. ಸಾಲಾಗಿ ತೂತುಗಳು. ಬೇಕಾದ ತೂತಿಗೆ ಕಡ್ಡಿ ಸಿಕ್ಕಿಸಿದರೆ ಬೇಕಾದ ಎತ್ತರ. ಮೊಣಕೈ ಮತ್ತು ಕೀಗಳು ಒಂದೇ ಮಟ್ಟದಲ್ಲಿರಬೇಕು ಎಂಬ ಶಾಸ್ತ್ರವನ್ನು ನಾನು ಟೀಚರ್‌ಗೆ ಫೋನ್ ಮಾಡಿ ಕಂಠಪಾಠ ಮಾಡಿಕೊಂಡಿದ್ದೆ. ಮನೆಗೆ ತಂದು, ಇವರನ್ನು ಕುರ್ಚಿಯಲ್ಲಿ ಕೂರಿಸಿ, ಅಡ್ಡ ಕೋಲು ಹಿಡಿದು ಮಟ್ಟ ನೋಡಿ, ಕಡ್ಡಿ ಸಿಕ್ಕಿಸಿದೆ. ಇಂಥ ವಾದನಪೀಠ ಯಾವ ಆಸ್ಥಾನ ವಿದ್ವಾಂಸರಿಗೂ ಸಿಕ್ಕಿರಲಾರದು.

ಇವರು ನುಡಿಸಿದರು. ಅದೇ ಮೂರನೆಯ ಸಾಲಿನಲ್ಲಿ ಅದೇ ತಪ್ಪು. ಒಂದು ತೂತು ಮೇಲೆ ಏರಿಸಿದೆ, ಒಂದು ತೂತು ಕೆಳಗೆ ಇಳಿಸಿದೆ. ಕುರ್ಚಿಗೆ ದಿಂಬು ಹಾಕಿದೆ. ದಿಂಬಿನಿಂದ ಕಾಲು ನೆಲ ಬಿಟ್ಟಿತೆಂದು ಕಾಲಿಗೆ ಮಣೆ ಕೊಟ್ಟೆ. ಮಣೆಯಿಂದ ಮೊಣಕಾಲು ಸ್ಟ್ಯಾಂಡಿಗೆ ತಾಗಿತು. ಎತ್ತರ ಇನ್ನೂ ಸರಿಯಿಲ್ಲ ಎಂದು ಇವರು ಗೊಣಗಿದಾಗಲೆಲ್ಲ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. (ಒಂದೆರಡು ಸಲ ಬಾಯಿಬಿಟ್ಟೂ ಅಂದೆ.)

ಕೊನೆಗೆ ಟೀಚರನ್ನೇ ಮನೆಗೆ ಕರೆದೆ. ಸ್ಟ್ಯಾಂಡ್ ಸರಿಯಾಗಿದೆ ಎಂದು ಅವರ ಬಾಯಿಂದ ಒಂದು ಮಾತು ಬಂದರೆ ಇವರು ಮತ್ತೆ ಕ್ಲಾಸಿಗೆ, ನಾನು ಮತ್ತೆ ಸಿಂಹಾಸನಕ್ಕೆ. ಟೀಚರ್ ಬಂದರು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ತೂತುಗಳನ್ನು ಪರೀಕ್ಷಿಸಿದರು. ಕಡ್ಡಿ ಬದಲಿಸಲು ಅಡ್ಡಿಯಾಗುತ್ತದೆಂದು ಕೀಬೋರ್ಡನ್ನು ಸ್ವಲ್ಪ ಹೊತ್ತು ಎಲ್ಲಾದರೂ ಇಡಿ ಎಂದರು. ಇವರು ಅದನ್ನೆತ್ತಿಕೊಂಡು ಒಳಗೆ ಹೋದರು.

ನಾವಿಬ್ಬರೂ ಸ್ಟ್ಯಾಂಡಿನೊಂದಿಗೆ ಗುದ್ದಾಡುತ್ತಿದ್ದಾಗ ಒಳಗಿನಿಂದ ಪಾಠ ಕೇಳಿಸಿತು. ಮೊದಲ ಸಾಲು, ಎರಡನೆಯದು. ಮೂರನೆಯದು ಬರುವಾಗ ನಾನು ಹಲ್ಲು ಕಚ್ಚಿಕೊಂಡೆ. ತಪ್ಪೇ ಇಲ್ಲದೆ ದಾಟಿ ಹೋಯಿತು. ಟೀಚರ್ ಕಡ್ಡಿ ಬಿಟ್ಟು ಎದ್ದರು.

ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಕಟ್ಟೆಯ ಮೇಲೆ ಕೀಬೋರ್ಡ್ ಇತ್ತು. ಇವರು ಕಾಲು ಅಗಲಿಸಿ, ಸೊಂಟವನ್ನು ಫ್ರಿಜ್ಜಿಗೆ ಆನಿಸಿ ನಿಂತು, ಸಣ್ಣಗೆ ತೂಗಾಡುತ್ತ ನುಡಿಸುತ್ತಿದ್ದರು. ಬಸ್ಸಿನ ಕಂಬಕ್ಕೆ ಒರಗಿ ನಿಂತು, ಎಂಥ ತಿರುವಿನಲ್ಲೂ ಕೈ ತಪ್ಪದೆ ಟಿಕೆಟ್ ಹರಿದುಕೊಟ್ಟ ಮನುಷ್ಯ. ಆ ಬೆರಳುಗಳಿಗೆ ಕೂತು ಕೆಲಸ ಮಾಡಿ ಗೊತ್ತೇ ಇಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ನಾನು ಇವರನ್ನು ಕುರ್ಚಿಯಲ್ಲಿ ಕೂರಿಸಿ ಅಳತೆ ತೆಗೆದಿದ್ದೆ. ನನ್ನ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ.

ಟೀಚರ್ ಬಗ್ಗಿ ಇವರ ಮೊಣಕೈ ನೋಡಿದರು, ಭುಜ ನೋಡಿದರು. "ಮೇಡಂ, ಇದೇ ಎತ್ತರ. ದಯವಿಟ್ಟು ಇಲ್ಲಿಂದ ಅಲ್ಲಾಡಿಸ್ಬೇಡಿ."

ನನ್ನ ಕಣ್ಣು ತಕ್ಷಣ ಒಣಗಿತು. ಹಜಾರದ ಸ್ಟ್ಯಾಂಡನ್ನು ಅಷ್ಟೇ ಎತ್ತರಕ್ಕೆ ಏರಿಸೋಣ ಎಂದೆ. ಏರಿಸಿಯೂ ನೋಡಿದೆವು. ಅಲ್ಲಿ ಒರಗಲು ಏನೂ ಇಲ್ಲ ಎಂದರು ಇವರು. ಗೋಡೆಗೆ ಒರಗಿ ಎಂದರೆ, ಗೋಡೆ ತಣ್ಣಗಿದೆ, ಫ್ರಿಜ್ಜಿನ ಹಾಗೆ ನಡುಗುವುದೂ ಇಲ್ಲ, ಕೈ ಓಡುವುದಿಲ್ಲ ಎಂದರು. ಹಾಗಾದರೆ ಫ್ರಿಜ್ಜನ್ನೇ ಹಜಾರಕ್ಕೆ ತಳ್ಳೋಣ ಎಂದೆ. ಅದು ಬಾಗಿಲಲ್ಲಿ ತೂರಲಿಲ್ಲ.

ಈಗ ಕಟ್ಟೆಯ ಮುಕ್ಕಾಲು ಭಾಗ ಸಂಗೀತಕ್ಕೆ ಮೀಸಲು. ಹೊಸ ಸ್ಟ್ಯಾಂಡಿನ ಮೇಲೆ ಹಲಗೆ ಹಾಕಿಕೊಂಡು ನಾನು ಹಜಾರದಲ್ಲಿ ತರಕಾರಿ ಹೆಚ್ಚುತ್ತೇನೆ. (ಎತ್ತರ ನನಗೆ ಹೇಳಿ ಮಾಡಿಸಿದಂತಿದೆ, ಅದೊಂದು ಸಮಾಧಾನ.) ಇವರು ಈಚೆಗೆ ಎಷ್ಟು ಚೆನ್ನಾಗಿ ನುಡಿಸುತ್ತಾರೆಂದರೆ, ಎಷ್ಟೋ ಸಲ ಚಾಕು ನಿಲ್ಲಿಸಿ ಕೇಳುತ್ತ ನಿಂತುಬಿಡುತ್ತೇನೆ. ನಿನ್ನೆ ಹೆಚ್ಚಿದ್ದನ್ನೆಲ್ಲ ತಟ್ಟೆಯಲ್ಲಿ ಹಿಡಿದು ಒಳಗೆ ಕಾಲಿಟ್ಟೆ. ಇವರು ಕೀಗಳ ಮೇಲಿಂದ ಕಣ್ಣೆತ್ತದೆ, "ಅಲ್ಲೇ ನಿಂತಿರು, ಒಳಗೆ ಜಾಗ ಇಲ್ಲ" ಎಂದರು.

ನಾನು ತಟ್ಟೆ ಹಿಡಿದುಕೊಂಡು ನನ್ನ ಅಡುಗೆಮನೆಯ ಬಾಗಿಲಲ್ಲಿ ಕಾಯುತ್ತ ನಿಂತೆ.