ಪಾರೀಸಪ್ಪನ ಕ್ರಿಯಾಪದಗಳು

ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ಪಾರೀಸಪ್ಪನಿಗೆ ತನ್ನ ಇಂಗ್ಲಿಷಿನ ಮೇಲೆ ಅಪಾರ ಹೆಮ್ಮೆ. ಕಾರ್ಖಾನೆಯಲ್ಲಿ ಬೇರೆ ಯಾರಿಗೂ ಇಂಗ್ಲಿಷು ಬರುತ್ತಿರಲಿಲ್ಲವಾದ್ದರಿಂದ ಆ ಹೆಮ್ಮೆಗೆ ಇಷ್ಟು ವರ್ಷ ಯಾವ ಅಪಾಯವೂ ಬಂದಿರಲಿಲ್ಲ.

೧೯೭೮ರ ಬೇಸಿಗೆಯಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿದ್ದ ಅವನ ಮನೆಗೆ ಸಂಕಟವೊಂದು ಬಂದೆರಗಿತು. ಮಗಳು ಕುಸುಮಾಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಬೇಕಾದರೆ ತಂದೆತಾಯಿ ಇಬ್ಬರೂ ಸಂದರ್ಶನಕ್ಕೆ ಬರಬೇಕಂತೆ. ಹೆಂಡತಿ ರತ್ನಮಾಲಾ ಕನ್ನಡ, ಮರಾಠಿ ಎರಡರಲ್ಲೂ ಜಗಳವಾಡಬಲ್ಲವಳು. ಇಂಗ್ಲಿಷಿನಲ್ಲಿ ಮಾತ್ರ ಮೌನಿ.

"ಇಂಗ್ಲಿಷಿನ ಜೀವಾಳ ಕ್ರಿಯಾಪದ," ಎಂದು ಪಾರೀಸಪ್ಪ ಘೋಷಿಸಿದ. "ದಿನಾ ಹತ್ತು ಕಲಿ. ಹದಿನೈದು ದಿನಕ್ಕ ನೂರಾ ಐವತ್ತು. ಆಮ್ಯಾಲ ಸಂದರ್ಶನ ಏನ್ ಮಹಾ!"

ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವುದು ಆ ಜೈನರ ಮನೆಯ ಪದ್ಧತಿ. ಊಟವಾದದ್ದೇ ಪಾಠ ಶುರುವಾಯಿತು. (ಉಂಡದ್ದು ಅರಗಲು ಅದೇ ಸಾಕಾಯಿತು.)

"ಗೋ ಅಂದ್ರ?"

"ಆಕಳ."

"ಹೋಗು! ಗೋ ಅಂದ್ರ ಹೋಗು!"

"ಎಲ್ಲಿಗ್ರೀ? ಇನ್ನೂ ಭಾಂಡಿ ತಿಕ್ಕಬೇಕು."

ಪಾರೀಸಪ್ಪ ಹಣೆ ಒರೆಸಿಕೊಂಡ. "ಬೈ ಅಂದ್ರ?"

"ಅದು ಬರತೈತ್ರೀ. ಬೈಯೂದು."

"ಕೊಳ್ಳೂದು!"

"ಹಂಗಾದ್ರ ನೀವು ಬೈಕೋತ ಬಂದಾಗ ಸೀರಿ ತಂದಾರ ಅಂತ ತಿಳಕೋತೀನಿ."

"ಕಟ್ ಅಂದ್ರ?"

"ಕಟ್ಟೂದು."

"ಕತ್ತರಸೂದು!"

"ನಾವು ಕಟ್ಟಿದ್ದನ್ನ ಇಂಗ್ಲಿಷರು ಕತ್ತರಸತಾರೇನ್ರೀ? ಅದಕ್ಕ ಅವರನ್ನ ಓಡಿಸಿದ್ವಿ, ಖರೇ!"

ಹದಿನೈದು ದಿನ ಹೀಗೇ ಕಳೆದವು. ಕೊನೆಗೆ ಪಾರೀಸಪ್ಪ ಕೈಮುಗಿದ. "ಅಲ್ಲಿ ನೀ ಬಾಯಿ ತಗೀಬ್ಯಾಡ. ನಾ ಎಲ್ಲಾ ನೋಡಕೋತೀನಿ."

ಸಂದರ್ಶನದ ದಿನ ಮದುವೆಯ ಕೋಟು ಹೊರಬಂತು. ಗುಂಡಿ ಹಾಕಬೇಕಾದರೆ ಉಸಿರು ಬಿಗಿಹಿಡಿಯಬೇಕಿತ್ತು. ಮಗಳು ಎ ಬಿ ಸಿ ಒಪ್ಪಿಸಿದಳು. ಮುಖ್ಯೋಪಾಧ್ಯಾಯಿನಿ ಕನ್ನಡಕ ಸರಿಮಾಡಿಕೊಂಡು, ಮನೆಯಲ್ಲಿ ಮಗುವಿಗೆ ಪಾಠ ಹೇಳಿಕೊಡುವವರು ಯಾರೆಂದು ಇಂಗ್ಲಿಷಿನಲ್ಲಿ ಕೇಳಿದರು.

ಇದೇ ಕ್ಷಣಕ್ಕಾಗಿ ಕಾದಿದ್ದ ಪಾರೀಸಪ್ಪ ಎದೆಯುಬ್ಬಿಸಿದ. ಮಗಳಿಗೆ ಕಲಿಸುತ್ತೇನೆ, ಹೆಂಡತಿಗೂ ದಿನಾ ಕಲಿಸುತ್ತಿದ್ದೇನೆ ಎಂದು ಹೇಳುವುದು ಅವನ ಇರಾದೆ. "ಮೇಡಂ, ಐ ವಿಲ್ ಲರ್ನ್ ಹರ್! ಡೇಲಿ ಐ ಆಮ್ ಲರ್ನಿಂಗ್ ಮೈ ವೈಫ್ ಆಲ್ಸೊ!"

ಮೇಡಂ ತುಸು ಯೋಚಿಸಿದರು. ಆಮೇಲೆ ಅವರ ಮುಖ ಅರಳಿತು. ಗಂಡಸೊಬ್ಬ ಹೆಂಡತಿಯಿಂದ ದಿನಾ ಇಂಗ್ಲಿಷ್ ಕಲಿಯುತ್ತಿದ್ದೇನೆಂದು ಯಾವ ಸಂಕೋಚವೂ ಇಲ್ಲದೆ ಒಪ್ಪಿಕೊಳ್ಳುತ್ತಿದ್ದಾನೆಂದು ಅವರಿಗೆ ಅರ್ಥವಾಗಿತ್ತು. "ವೆರಿ ಗುಡ್!" ಎಂದವರೇ ರತ್ನಮಾಲಾಳ ಕಡೆ ತಿರುಗಿದರು. "ಯು ಟೀಚ್ ಹಿಮ್?"

ಬಾಯಿ ತೆರೆಯಬೇಡವೆಂದು ಪಾರೀಸಪ್ಪ ಹೆಂಡತಿಗೆ ಕಣ್ಸನ್ನೆ ಮಾಡಿದ. ರತ್ನಮಾಲಾ ಸೆರಗು ಸರಿಮಾಡಿಕೊಂಡಳು.

"ಯೆಸ್ ಮೇಡಂ. ಐ ಟೀಚ್. ಹಿ ಲರ್ನ್ಸ್ ಸ್ಲೋಲಿ."

ಪಾರೀಸಪ್ಪ ಬಾಯಿ ತೆರೆದ. ಮೇಜಿನ ಮೇಲೆ ಮಗಳ ಅರ್ಜಿ ಇತ್ತು, ಮೇಡಂ ಕೈಯಲ್ಲಿ ಪೆನ್ನಿತ್ತು. ಬಾಯಿ ಮುಚ್ಚಿದ. ಮೇಡಂ ನಗುತ್ತ ಸಹಿ ಹಾಕಿದರು.

ಗೇಟು ದಾಟಿದ ಮೇಲೆ ಅವನು ತಡೆಯಲಾರದೆ ಕೇಳಿದ: "ಯಾವಾಗಿಂದ ಬರತೈತಿ ಇದೆಲ್ಲಾ?"

"ಹಗಲೆಲ್ಲಾ ಬಾಜು ಮನಿ ಮಾಸ್ತರಬಾಯಿ ಸುಂದರಾಬಾಯಾರ ಕಡೆ ಕಲಿತೀನ್ರೀ. ಸಂಜಿಮುಂದ ನಿಮ್ಮ ಜೋಡಿ ಚ್ಯಾಷ್ಟಿ."

"ಮತ್ತ ಒಳಗ ಯಾಕ ಹಂಗಂದಿ?"

"ಲರ್ನ್ ಅಂದ್ರ ಕಲಿಯೂದು, ಟೀಚ್ ಅಂದ್ರ ಕಲಿಸೂದು. ನನ್ನ ಕಡೆ ಕಲಿತೀನಿ ಅಂತ ನೀವ ಅಂದ್ರಿ. ಗಂಡನ ಮಾತು ಸುಳ್ಳ ಮಾಡ್ಲೇನ್ರೀ?"

ಸೋಮವಾರ ಖಾನಾಪುರದ ರೈಲಿನಲ್ಲಿ ಪಾರೀಸಪ್ಪ ತೊಡೆಯ ಮೇಲೆ ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ಗುಣುಗುಣಿಸುತ್ತಿದ್ದ. ಎದುರು ಕೂತಿದ್ದ ಕಾರ್ಖಾನೆಯ ಭರಮಣ್ಣ ಮೆಚ್ಚುಗೆಯಿಂದ ಕೇಳಿದ: "ಏನ್ರೀ ಸಾಹೇಬ್ರ, ಮನಿಯವರಿಗೆ ಪಾಠಾನ?"

"ಹೌದಪಾ," ಎಂದ ಪಾರೀಸಪ್ಪ, ಪುಟ ತಿರುವುತ್ತ. "ಸಂಜೀಕ ಒಪ್ಪಸಬೇಕು."