ಹಿಗ್ಗುವ ವಿಶ್ವಕ್ಕೆ ಸಾಕ್ಷಿ ಕೇಳಿದವರು

ವಿಶ್ವ ಹಿಗ್ಗುತ್ತಿದೆ ಎಂದು ಶ್ರೀರಂಗಪಟ್ಟಣ, ಪಾಂಡವಪುರದ ಹೈಸ್ಕೂಲುಗಳಲ್ಲಿ ರಿಟೈರಾಗುವವರೆಗೂ ಪಾಠ ಮಾಡಿದವನು ನಾನು. ನಮ್ಮ ಸೀಮೆಯ ಜನ ಸಾಕ್ಷಿಯಿಲ್ಲದೆ ಯಾವುದನ್ನೂ ಒಪ್ಪುವುದಿಲ್ಲ. ಹಾಗಾಗಿ ವರ್ಷಕ್ಕೊಂದಾದರೂ ಫಜೀತಿ ತಪ್ಪುತ್ತಿರಲಿಲ್ಲ. ಆಗ ಸಿಟ್ಟು ಬರುತ್ತಿತ್ತು. ಈಗ ನಗು ಬರುತ್ತದೆ, ಹಿಂದೆಯೇ ನಾಚಿಕೆಯೂ.

ಕಬ್ಬಿನ ಟ್ರಾಕ್ಟರು

ದೂರ ಸರಿಯುವ ಗಾಡಿಯ ಹಾರನ್ನು ದಪ್ಪಗೆ ಕೇಳಿಸುತ್ತದೆ. ದೂರ ಸರಿಯುವ ನಕ್ಷತ್ರಕೂಟಗಳ ಬೆಳಕು ಹಾಗೆಯೇ ಕೆಂಪಗಾಗುತ್ತದೆ; ವಿಶ್ವ ಹಿಗ್ಗುತ್ತಿರುವುದಕ್ಕೆ ಅದೇ ಸಾಕ್ಷಿ. ಇದನ್ನು ಕಿವಿಯಾರೆ ಕೇಳಿಸೋಣವೆಂದು ಕ್ಲಾಸನ್ನು ಕಿರಂಗೂರಿನ ರಸ್ತೆಬದಿಯಲ್ಲಿ ನಿಲ್ಲಿಸಿದೆ. ಕಬ್ಬಿನ ಟ್ರಾಕ್ಟರು ಒಂದೇ ಸಮ ಹಾರನ್ನು ಹೊಡೆಯುತ್ತಾ ನಮ್ಮನ್ನು ದಾಟಿತು. ತಿರುಗಿ ನೋಡಿದರೆ ಪಕ್ಕದಲ್ಲಿ ಒಬ್ಬರೂ ಇಲ್ಲ. ಇಡೀ ಕ್ಲಾಸು ಕಬ್ಬು ಎಳೆಯಲು ಅದರ ಹಿಂದೆ ಓಡುತ್ತಿತ್ತು.

ಜಲ್ಲೆ ಸಿಗಿಯುತ್ತಾ ವಾಪಸು ಬಂದು ಹೇಳಿದರು: "ಸಾ, ಹಾರನ್ನು ಒಂದೇ ತರ ಇತ್ತು. ಏನೂ ಬದಲಾಗ್ನಿಲ್ಲ."

ಎಲ್ಲರಿಗೂ ಬಸ್ಕಿ ಹೊಡೆಸಿದೆ. ಟ್ರಾಕ್ಟರಿನ ಜೊತೆಯಲ್ಲೇ ಓಡಿದವರಿಗೆ ಬೇರೆ ಸ್ವರ ಕೇಳಿಸುವುದಾದರೂ ಹೇಗೆ? ಪಾಪ, ಅವರ ಪ್ರಯೋಗ ಸರಿಯಾಗಿಯೇ ಇತ್ತು. ಅದು ಆಗ ಹೊಳೆಯದೆ ಫೇಲಾದವನು ನಿಂತಿದ್ದ ನಾನೊಬ್ಬನೇ.

ಸುಸ್ತಾದ ಬೆಳಕು

ಕೆ.ಆರ್. ಪೇಟೆಯ ಟೀ ಅಂಗಡಿಯಲ್ಲಿ ಈ ಕೆಂಪು ಬೆಳಕನ್ನೇ ವಿವರಿಸುತ್ತಿದ್ದಾಗ ಎತ್ತಿನ ವ್ಯಾಪಾರಿಯೊಬ್ಬರು ಅಡ್ಡ ಬಂದರು. "ಏಮಗಿರಿ ಜಾತ್ರೆಯಿಂದ ಇಲ್ಲೀಗಂಟ ಒಡ್ಕೊಂಡ್ ಬಂದ್ರೇನೆ ಎತ್ತಿನ ಕಣ್ಣು ಕೆಂಪಗಾಯ್ತವೆ ಮೇಷ್ಟ್ರೆ. ಅಷ್ಟು ದೂರದಿಂದ ಬಂದ ಬೆಳಕು ಸುಸ್ತಾಗಿ ಕೆಂಪಾಗಿರಬಾರ್ದಾ? ನಕ್ಷತ್ರ ಓಡೋಯ್ತಾವೆ ಅಂತ ಯಾಕೆ ಸುಮ್ಕೆ ಅಪವಾದ ಒರಿಸ್ತೀರಿ?"

ಅಂಗಡಿಯಲ್ಲಿದ್ದವರೆಲ್ಲ ನಗುವಂತೆ ಅವರನ್ನು ಗೇಲಿ ಮಾಡಿದೆ. ಎಷ್ಟೋ ವರ್ಷದ ಮೇಲೆ ಪುಸ್ತಕವೊಂದರಲ್ಲಿ ಓದಿದೆ: ವಿಜ್ಞಾನಿಗಳೂ ಒಂದು ಕಾಲಕ್ಕೆ ಹೀಗೇ ವಾದಿಸಿದ್ದರಂತೆ, ಆಮೇಲೆ ಪರೀಕ್ಷೆಗೆ ನಿಲ್ಲದೆ ಆ ವಾದ ಬಿದ್ದುಹೋಯಿತಂತೆ. ಮನಸ್ಸು ತಡೆಯದೆ ಹೋಗಿ, ಆ ವಿಜ್ಞಾನಿಗಳ ವಿಷಯ ಹೇಳಿ ವ್ಯಾಪಾರಿಯ ಕ್ಷಮೆ ಕೇಳಿದೆ.

"ಅವ್ರೂ ಎತ್ತಿನ ಯಾಪಾರದೋರಾ?" ಎಂದರು.

ಬಲೂನು

ಬಲೂನಿನ ಮೇಲೆ ಶಾಯಿಯ ಚುಕ್ಕಿ ಇಟ್ಟು ಕ್ಲಾಸಿನಲ್ಲಿ ಊದಿದೆ. ಚುಕ್ಕಿಗಳು ಒಂದರಿಂದೊಂದು ದೂರವಾದವು. ಪಾಲಹಳ್ಳಿಯ ಹುಡುಗಿಯೊಬ್ಬಳು ಎದ್ದಳು. "ಸಾ, ಚುಕ್ಕೀನೂ ಅಗಲ ಆಯ್ತಲ್ಲ. ಇಂಗೇ ನಾವೂ, ನಮ್ ಸ್ಕೇಲೂ ಉಬ್ಬಿದ್ರೆ, ದೂರ ಆಯ್ತು ಅಂತ ಎಂಗ್ ಗೊತ್ತಾಯ್ತದೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಹಾಗೆಂದು ಹೇಳುವುದು ಬಿಟ್ಟು, "ಅಧಿಕಪ್ರಸಂಗಿ, ಹೊರಗೆ ನಿಂತ್ಕೊ" ಎಂದೆ. ಆಮೇಲೆ ಅವಳು ಒಂದೂ ಪ್ರಶ್ನೆ ಕೇಳಲಿಲ್ಲ. ಸೈನ್ಸು ತನ್ನ ತಲೆಗೆ ಹತ್ತುವುದಿಲ್ಲವೆಂದು ಕಾಲೇಜಿನಲ್ಲಿ ಆರ್ಟ್ಸ್ ಸೇರಿದಳು. ಅದು ನನ್ನಿಂದಲೇ ಆದದ್ದು. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಹೋದ ತಿಂಗಳು ಒಂದು ಬಲೂನು, ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ಟು ಹಿಡಿದು ನಾಗಮಂಗಲದಲ್ಲಿರುವ ಅವಳ ಮನೆಗೆ ಹೋದೆ. ಅವಳ ಅತ್ತೆ ಕಣ್ಣು ಬಿಟ್ಟುಕೊಂಡು ನೋಡುತ್ತಿರಲು, ಬೊಟ್ಟು ಅಂಟಿಸಿ ಏದುಸಿರು ಬಿಡುತ್ತಾ ಊದಿದೆ.

"ನೋಡವ್ವ, ಬೊಟ್ಟು ದೂರ ಹೋದ್ವು, ದೊಡ್ಡವಾಗ್ಲಿಲ್ಲ. ನಕ್ಷತ್ರಕೂಟ, ನಾವು, ನಮ್ಮ ಸ್ಕೇಲು, ಎಲ್ಲಾ ಹಿಂಗೇ ತಮ್ಮನ್ನ ತಾವು ಬಿಗಿಯಾಗಿ ಹಿಡ್ಕೊಂಡವೆ. ಅವತ್ತು ಶಾಯಿ ಹಚ್ಚಿದ್ದು ನನ್ನ ತಪ್ಪು. ನಿನ್ನ ಪ್ರಶ್ನೆ ಸರಿಯಾಗಿತ್ತು."

ಅವಳು ಬಲೂನನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಸರಿ ಸಾ. ಇದ್ನ ನೀವು ಊದಿದ್ರಿ. ಅದ್ನ ಯಾರು ಊದ್ತಾವ್ರೆ?"

"ಗೊತ್ತಿಲ್ಲ ಕಣವ್ವ" ಎಂದೆ.

ಅವಳು ಅತ್ತೆಯ ಕಡೆ ತಿರುಗಿದಳು. "ನೋಡಿ ಅತ್ತೆ, ನಮ್ಮ ಮೇಷ್ಟ್ರಿಗೂ ಈಗ ಸೈನ್ಸು ಬಂತು."